ಹರಿಕೇನ್ ಸೀಸನ್‌ಗೆ ಮುಂಚೆ ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಜೂನ್ 1ಕ್ಕೆ ಹರಿಕೇನ್ ಸೀಸನ್, ಅಂದರೆ ಚಂಡಮಾರುತಗಳ ಕಾಲ, ಶುರು. ನವೆಂಬರ್ 30ರವರೆಗೂ ಇರುತ್ತದೆ. ಫ್ಲೋರಿಡಾದ ಈ ಟ್ಯಾಂಪಾಗೆ ಹೊಸದಾಗಿ ಬಂದ ಕುಟುಂಬಗಳು ಈ ವರ್ಷ ನಮ್ಮ ಕನ್ನಡ ಶಾಲೆಯಲ್ಲಿ ಜಾಸ್ತಿ ಇವೆ. ಅದಕ್ಕೇ ಬೇಸಿಗೆ ರಜೆಗೆ ಮುಂಚೆ ಬರೆಯುತ್ತಿದ್ದೇನೆ. ಹೊರಡಬೇಕಾಗಿ ಬಂದರೆ ಎಲ್ಲಿಗೆ, ಯಾವಾಗ ಅನ್ನೋದನ್ನು ಈಗಲೇ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ.

ಮೊದಲು ನಿಮ್ಮ ಇವ್ಯಾಕ್ಯುಯೇಷನ್ ಝೋನ್ ನೋಡಿ, ಅಂದರೆ ಮನೆ ಬಿಟ್ಟು ಹೊರಡಲು ಹೇಳುವ ವಲಯ. ಕೌಂಟಿಯ (ಇಲ್ಲಿನ ಜಿಲ್ಲೆಯ) ವೆಬ್‌ಸೈಟ್‌ನಲ್ಲಿ ವಿಳಾಸ ಹಾಕಿದರೆ ಎ ಇಂದ ಇ ವರೆಗಿನ ಒಂದು ಅಕ್ಷರ ಸಿಗುತ್ತದೆ. ಇನ್ಶೂರೆನ್ಸ್ ಕಾಗದದಲ್ಲಿರುವ ಫ್ಲಡ್ ಝೋನ್ ಬೇರೆ, ಇದೇ ಬೇರೆ. ಎ ಝೋನ್‌ನವರಿಗೆ ಎಲ್ಲರಿಗಿಂತ ಮೊದಲು ಹೊರಡಲು ಹೇಳುತ್ತಾರೆ. ಮೊಬೈಲ್ ಹೋಮ್‌ನಲ್ಲಿ (ಫ್ಯಾಕ್ಟರಿಯಲ್ಲಿ ಕಟ್ಟಿ ತಂದು ಇಟ್ಟ ಹಗುರ ಮನೆ) ಇರುವವರಂತೂ ಝೋನ್ ಯಾವುದೇ ಇದ್ದರೂ ಹೊರಡಲೇಬೇಕು.

"ನಮ್ಮದು ಗಟ್ಟಿ ಮನೆ, ಗಾಳಿಗೆ ಏನೂ ಆಗಲ್ಲ" ಅನ್ನುವವರಿದ್ದಾರೆ. ಗಾಳಿಗಿಂತ ನೀರಿಗೆ ಹೆದರಬೇಕು. ಟಿವಿಯಲ್ಲಿ ಹೇಳುವ ಕೆಟಗರಿ ಗಾಳಿಯ ವೇಗದ ಲೆಕ್ಕ ಅಷ್ಟೇ. ಸಮುದ್ರ ಎಷ್ಟು ಉಕ್ಕುತ್ತೆ ಅಂತ ಅದರಿಂದ ಗೊತ್ತಾಗಲ್ಲ. 2024ರ ಸೆಪ್ಟೆಂಬರ್ 26ರಂದು ಹೆಲೀನ್ ಅನ್ನೋ ಚಂಡಮಾರುತ ದಡ ಮುಟ್ಟಿದ್ದು ಪೆರ್ರಿ ಊರಿನ ಹತ್ತಿರ, ನಮ್ಮಿಂದ ನೂರು ಮೈಲಿಗೂ ಆಚೆ. ಆದರೂ ನೀರು ನಮ್ಮ ಪಕ್ಕದ ಪಿನೆಲಾಸ್ ಕೌಂಟಿಯ ಮನೆಗಳಿಗೆ ನುಗ್ಗಿತು. ಜನ ಮನೆಯೊಳಗೇ ಮುಳುಗಿ ತೀರಿಕೊಂಡರು. ಎರಡು ವಾರ ತುಂಬುವ ಮೊದಲೇ, ಅಕ್ಟೋಬರ್ 9ಕ್ಕೆ, ಮಿಲ್ಟನ್ ಸಿಯೆಸ್ಟಾ ಕೀಗೆ ಬಂದು ಅಪ್ಪಳಿಸಿತು. 2022ರಲ್ಲಿ ಇಯಾನ್ ಟ್ಯಾಂಪಾಗೆ ಬರುತ್ತೆ ಅಂತಿದ್ದರು, ಅದು ಫೋರ್ಟ್ ಮೈಯರ್ಸ್ ಕಡೆ ತಿರುಗಿತು. ಚಂಡಮಾರುತ ಎಲ್ಲಿ ಸಾಗುತ್ತೆ ಅಂತ ನಕ್ಷೆಯಲ್ಲಿ ತೋರಿಸುವ ಗೆರೆ ನೋಡುತ್ತಾ ಕಾಯಬೇಡಿ. ನಿಮ್ಮ ಝೋನ್‌ಗೆ ಆದೇಶ ಬಂತಾ, ಅವತ್ತೇ ಹೊರಡಿ. ಗಾಳಿ ಜೋರಾದರೆ ಸೇತುವೆಗಳನ್ನು ಮುಚ್ಚುತ್ತಾರೆ. ಕೊಲ್ಲಿಯ ಆಚೆ, ಸೇಂಟ್ ಪೀಟರ್ಸ್‌ಬರ್ಗ್ ಕಡೆಯವರು ಇದನ್ನು ಮರೆಯಬೇಡಿ.

ಅಟ್ಲಾಂಟಾವರೆಗೆ ಹೋಗಬೇಕಾಗಿಲ್ಲ. ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಐ-75 ಹೆದ್ದಾರಿಯಲ್ಲಿ ಗಂಟೆಗಟ್ಟಲೆ ತೆವಳೋದು, ಕಾರಿಗೆ ಗ್ಯಾಸ್ (ಪೆಟ್ರೋಲ್) ಸಿಗದೆ ಒದ್ದಾಡೋದು ಯಾಕೆ? ಹತ್ತಿಪ್ಪತ್ತು ಮೈಲಿ ಒಳಗೆ, ಝೋನ್‌ಗೆ ಸೇರದ ಒಂದು ಗಟ್ಟಿ ಮನೆ ಸಿಕ್ಕರೆ ಸಾಕು. ವೆಸ್ಲಿ ಚಾಪೆಲ್ ಕಡೆ ಅಂಥ ಮನೆಗಳಲ್ಲಿ ಇರುವವರಲ್ಲಿ ನನ್ನದೊಂದು ಕೋರಿಕೆ: ಎರಡು ರಾತ್ರಿಗೆ ಒಂದು ಕುಟುಂಬಕ್ಕೆ ಜಾಗ ಕೊಡಿ. ಹಾಲ್‌ನಲ್ಲಿ ಚಾಪೆ ಹಾಸಿದರೂ ಆಯಿತು.

ಊರಿಂದ ಬಂದಿರುವ ಅಜ್ಜ-ಅಜ್ಜಿಯರ ಬಗ್ಗೆ ನನಗೆ ಹೆಚ್ಚು ಚಿಂತೆ. "ಇಷ್ಟು ಚೆನ್ನಾಗಿರೋ ಮನೆ ಬಿಟ್ಟು ಎಲ್ಲಿಗೆ ಹೋಗೋದು, ನೀವು ಹೋಗಿ ಬನ್ನಿ, ನಾವು ಇಲ್ಲೇ ಇರ್ತೀವಿ" ಅಂತಾರೆ. ಅವರಿಗೆ ಮೊದಲೇ ವಿವರಿಸಿ ಹೇಳಿ. ಅವರ ಬಿಪಿ, ಶುಗರ್ ಮಾತ್ರೆಗಳು ಸಾಮಾನ್ಯವಾಗಿ ಊರಿಂದ ತಂದವು. ಶುಗರ್ ಮಾತ್ರೆ ಗ್ಲೈಕೋಮೆಟ್ ಅಂದರೆ ಇಲ್ಲಿನ ಫಾರ್ಮಸಿಯವರಿಗೆ ಅರ್ಥವಾಗದೇ ಇರಬಹುದು, ಮೆಟ್‌ಫಾರ್ಮಿನ್ ಅಂದರೆ ಆಗುತ್ತದೆ. ಪ್ರತಿ ಮಾತ್ರೆಯ ಒಳಗಿರುವ ಔಷಧದ ಹೆಸರು, ಎಷ್ಟು ಎಂಜಿ, ದಿನಕ್ಕೆ ಎಷ್ಟು ಸಲ ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಇನ್ಸುಲಿನ್ ಐಸ್‌ಗೆ ನೇರವಾಗಿ ತಾಗದ ಹಾಗೆ ಬಟ್ಟೆ ಸುತ್ತಿ ಇಡಿ. ಕನ್ನಡಕ, ಹಲ್ಲಿನ ಸೆಟ್, ಹಿಯರಿಂಗ್ ಏಡ್‌ನ ಬ್ಯಾಟರಿ ಇಂಥವೇ ಗಡಿಬಿಡಿಯಲ್ಲಿ ಮನೆಯಲ್ಲಿ ಉಳಿದುಬಿಡುತ್ತವೆ.

ಎಲ್ಲರ ಪಾಸ್‌ಪೋರ್ಟ್, ವೀಸಾ ಕಾಗದ, ಮಕ್ಕಳ ಬರ್ತ್ ಸರ್ಟಿಫಿಕೇಟ್ ಒಂದೇ ಜಿಪ್‌ಲಾಕ್ ಕವರಿನಲ್ಲಿರಲಿ. ಶೆಲ್ಟರ್‌ಗೆ ಹೋಗುವುದಾದರೆ ಹಾಸಿಗೆ, ಹೊದಿಕೆ ನಾವೇ ಒಯ್ಯಬೇಕು. ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೋಗೋದು ಒಳ್ಳೆಯದು. ಮಕ್ಕಳಿಗೆ ಅವರದ್ದೇ ಒಂದು ಚೀಲ ಕೊಟ್ಟು, ಏನು ತುಂಬಬೇಕು ಅಂತ ಅವರನ್ನೇ ಆರಿಸಲು ಬಿಡಿ. ಬಣ್ಣದ ಪೆನ್ಸಿಲ್ ಮುರಿದಿದ್ದರೂ ಬೇಡ ಅನ್ನಬೇಡಿ.

ಕೌಂಟಿ ಶಾಲೆಗಳಿಗೆ ರಜೆ ಘೋಷಿಸಿದರೆ ನಮಗೂ ರಜೆ. ಹಾಜರಿ, ಹೋಮ್‌ವರ್ಕ್ ಯಾವುದರ ಚಿಂತೆಯೂ ಬೇಡ. ಸೇರಿದ ಜಾಗದಿಂದ ಗ್ರೂಪ್‌ಗೆ "ಕ್ಷೇಮ" ಅಂತ ಒಂದು ಸಾಲು ಹಾಕಿ, ಸಾಕು.

ಈ ಪತ್ರದ ಜೊತೆ ಒಂದು ಫಾರ್ಮ್ ಇದೆ. ನಿಮ್ಮ ಝೋನ್, ಮನೆಯಲ್ಲಿ ಎಷ್ಟು ಜನ, ಬೇರೆಯವರಿಗೆ ಜಾಗ ಕೊಡಬಲ್ಲಿರಾ ಅನ್ನೋದನ್ನು ತುಂಬಿ ಬರುವ ಭಾನುವಾರ ತನ್ನಿ. ಅವತ್ತು ತರಗತಿ ಮುಗಿದ ಮೇಲೆ ಅಜ್ಜ-ಅಜ್ಜಿಯರ ಜೊತೆ ಕನ್ನಡದಲ್ಲೇ ಕೂತು ಮಾತಾಡುತ್ತೇನೆ. ಅವರನ್ನೂ ಕರೆದುಕೊಂಡು ಬನ್ನಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ