ಗ್ರೆಗೋರಿ ಪೋಪರು ಮತ್ತು ಕಳ್ಳ ಕೊಳಗ

ರೋಮ್

ಪ್ರೀತಿಯ ಅಪ್ಪನಿಗೆ ನಿಮ್ಮ ಮಗಳ ನಮಸ್ಕಾರಗಳು. ನಾನಿಲ್ಲಿ ಚೆನ್ನಾಗಿದ್ದೀನಿ. ಅಮ್ಮನ ಮಂಡಿನೋವು ಈಗ ಹೇಗಿದೆ?

ತೀರಿಹೋದ ಅಜ್ಜಿಯ ಆತ್ಮಕ್ಕಾಗಿ 30 ದಿನದ ಗ್ರೆಗೋರಿಯನ್ ಪೂಜೆ ಹೇಳಿಸುತ್ತಿದ್ದೀರಿ ಅಂತ ತಮ್ಮ ಫೋನಿನಲ್ಲಿ ಹೇಳಿದ. 30 ದಿನವೇ ಯಾಕೆ, ಈ ಗ್ರೆಗೋರಿ ಯಾರು ಅಂತ ನೀವು ಕೇಳಿದಿರಂತೆ. ಅವರ ಊರಲ್ಲೇ ಇದ್ದೀನಲ್ಲ, ನಾನೇ ಹೇಳುತ್ತೇನೆ.

ಆರನೇ ಶತಮಾನದ ಕೊನೆಗೆ ಪೋಪರಾದವರು ಗ್ರೆಗೋರಿ. ಅವರ ಮಠದಲ್ಲಿ ಜುಸ್ತುಸ್ ಎಂಬ ಸನ್ಯಾಸಿ ಇದ್ದರು. ವೈದ್ಯ ಬಲ್ಲವರು, ಗ್ರೆಗೋರಿಗೆ ಕಾಯಿಲೆಯಾದಾಗ ನೋಡಿಕೊಂಡವರು. ಸಾಯುವ ಹೊತ್ತಿಗೆ ಅವರು 3 ಚಿನ್ನದ ನಾಣ್ಯ ಬಚ್ಚಿಟ್ಟದ್ದು ಬಯಲಾಯಿತು. ಸನ್ಯಾಸಿಗೆ ಸ್ವಂತದ್ದು ಅಂತ ಏನೂ ಇರಬಾರದು. ಜುಸ್ತುಸರ ಶವವನ್ನು ನಾಣ್ಯಗಳ ಸಮೇತ ತಿಪ್ಪೆಯಲ್ಲಿ ಹೂಳಿಸಿದರು ಗ್ರೆಗೋರಿ. ತಿಂಗಳು ಕಳೆದ ಮೇಲೆ ಅವರಿಗೇ ಕರುಳು ಚುರಕ್ ಅಂತು. ಆ ಆತ್ಮಕ್ಕಾಗಿ 30 ದಿನ, ಒಂದು ದಿನವೂ ತಪ್ಪದೆ ಪೂಜೆ ಅರ್ಪಿಸಿ ಎಂದರು. ಅಲ್ಲಿಂದ ಬಂದ ಪದ್ಧತಿ ಇದು.

ಗ್ರೆಗೋರಿ ಹುಟ್ಟಿದ್ದು ಸುಮಾರು 540ರಲ್ಲಿ, ರೋಮಿನ ದೊಡ್ಡ ಮನೆತನದಲ್ಲಿ. ನಗರದ ಮುಖ್ಯ ಅಧಿಕಾರಿಯಾಗಿದ್ದವರು ಎಲ್ಲ ಬಿಟ್ಟು, ಚೇಲಿಯೋ ಗುಡ್ಡದ ಸ್ವಂತ ಮನೆಯನ್ನೇ ಮಠ ಮಾಡಿದರು. 589ರಲ್ಲಿ ಟೈಬರ್ ನದಿ ಉಕ್ಕಿ ಚರ್ಚಿನ ಕಣಜಗಳು ನೀರುಪಾಲಾದವು. ಬೆನ್ನಲ್ಲೇ ಪ್ಲೇಗ್. ಪೋಪ್ ಎರಡನೇ ಪೆಲಾಜಿಯಸ್ ಅದರಲ್ಲೇ ತೀರಿಕೊಂಡರು. 590ರಲ್ಲಿ ಜನ ಇವರನ್ನೇ ಪೀಠಕ್ಕೆ ಆರಿಸಿದರು. ಆಮೇಲೆ ಇಟಲಿಗೆ ನುಗ್ಗಿದ್ದ ಲೊಂಬಾರ್ಡರೆಂಬ ಜನಾಂಗದ ಸೈನ್ಯ ಬಾಗಿಲಿಗೇ ಬಂತು. ಚಕ್ರವರ್ತಿ ಇದ್ದದ್ದು ದೂರದ ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಜನರ ಊಟ, ಶತ್ರುಗಳ ಜೊತೆ ಸಂಧಾನ, ಎಲ್ಲ ಪೋಪರ ತಲೆಗೇ ಬಂತು.

ಅಪ್ಪಾ, ನಿಮಗೆ ಹೇಳಲೇಬೇಕಾದ್ದು ಅವರ ಕೊಳಗದ ವಿಷಯ. ಸಿಸಿಲಿಯಲ್ಲಿ ಚರ್ಚಿಗೆ ಬಹಳ ಜಮೀನಿತ್ತು. ಅಲ್ಲಿ ಒಕ್ಕಲುಗಳಿಂದ ಗೋಧಿ ಅಳೆದುಕೊಳ್ಳುವ ಕೊಳಗಕ್ಕೆ ಮೋದಿಯಸ್ ಅಂತ ಹೆಸರು, ಅದು ಸೆಕ್ಸ್ಟಾರಿಯಸ್ ಎಂಬ ಚಿಕ್ಕ ಅಳತೆಯಲ್ಲಿ 16 ಹಿಡಿಯಬೇಕು. ಸ್ವಲ್ಪ ಹೆಚ್ಚುಕಮ್ಮಿಯಾದರೂ 18ಕ್ಕಿಂತ ಹೆಚ್ಚು ಯಾರೂ ಅಳೆದುಕೊಳ್ಳಕೂಡದು ಅಂತ ಗ್ರೆಗೋರಿ ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಆದರೂ ಕೆಲವು ವರ್ಷದ ಮೇಲೆ 25 ಹಿಡಿಯುವ ಕಳ್ಳ ಕೊಳಗ ಸಿಕ್ಕಿತು. ಅದನ್ನು ಒಡೆದುಹಾಕಿದ ಪಂತಾಲೆಯೋನ್ ಎಂಬ ಅಧಿಕಾರಿಗೆ ಪತ್ರ ಬರೆದು ಮೆಚ್ಚಿಕೊಂಡರು. ಅಷ್ಟಕ್ಕೇ ಬಿಡಲಿಲ್ಲ. ಇಲ್ಲಿಯವರೆಗೆ ಹೆಚ್ಚಾಗಿ ಕಿತ್ತುಕೊಂಡದ್ದರ ಲೆಕ್ಕ ಹಾಕಿ, ಆ ಹಣದಲ್ಲಿ ಹಸು, ಕುರಿ, ಹಂದಿ ಕೊಂಡು ಬಡ ಒಕ್ಕಲುಗಳಿಗೆ ಹಂಚಲು ಹೇಳಿದರು. ಮೋಸ ಮಾಡಿದ್ದು ಚರ್ಚಿನ ಕಡೆಯವರೇ, ನೋಡಿ. ಸೊಸೈಟಿಯಲ್ಲಿ ತಕ್ಕಡಿಯ ಮುಳ್ಳು ನಿಲ್ಲುವವರೆಗೆ ನೀವು ಯಾರಿಗೂ ಚೀಲ ಎತ್ತಲು ಬಿಡುತ್ತಿರಲಿಲ್ಲ. ಗ್ರೆಗೋರಿಯ ಆ ಪತ್ರ ಓದುವಾಗ ನೀವೇ ಕಣ್ಣ ಮುಂದೆ ಬಂದಿರಿ.

ಇದನ್ನೆಲ್ಲ ಮಾಡಿದ್ದು ಆರೋಗ್ಯವಂತರಲ್ಲ. ಸಂಧಿವಾತದಿಂದ ಹಾಸಿಗೆ ಹಿಡಿದು, ಹಬ್ಬದ ದಿನ ಪೂಜೆಗೆ 3 ಗಂಟೆ ಎದ್ದು ನಿಲ್ಲುವುದೂ ಕಷ್ಟವಾಗಿದೆ ಅಂತ ತಾವೇ ಬರೆದಿದ್ದಾರೆ. ಅಂಥ ರೋಗಿಗಳನ್ನು ದಿನವೂ ನೋಡುವ ನನಗೆ ಆ ಸಾಲು ಓದಿ ಬಹಳ ಸಂಕಟವಾಯಿತು. 604ರ ಮಾರ್ಚ್ 12ರಂದು ತೀರಿಕೊಂಡರು.

ಅವರ ಮನೆ ಇದ್ದ ಜಾಗದಲ್ಲಿ ಈಗ ಸಾನ್ ಗ್ರೆಗೋರಿಯೋ ಚರ್ಚಿದೆ. ಪಕ್ಕದ ಚಿಕ್ಕ ಪ್ರಾರ್ಥನಾಲಯದಲ್ಲಿ ಉದ್ದನೆಯ ಕಲ್ಲಿನ ಮೇಜು. ದಿನವೂ 12 ಬಡವರಿಗೆ ಗ್ರೆಗೋರಿ ಅದರ ಮೇಲೇ ಬಡಿಸುತ್ತಿದ್ದರು, ಒಂದು ದಿನ 13ನೆಯವನಾಗಿ ದೇವದೂತನೇ ಬಂದು ಕೂತ ಅಂತ ಐತಿಹ್ಯ. ಮದರ್ ತೆರೇಸಾ ಸಭೆಯ ಸಿಸ್ಟರುಗಳ ಮನೆಯೂ ಅಲ್ಲೇ ಇದೆ. ಕೋಲ್ಕತ್ತದ ನೀಲಿ ಅಂಚಿನ ಸೀರೆ ಅಲ್ಲಿ ಕಂಡಾಗ ಎಷ್ಟು ಖುಷಿಯಾಯಿತು ಗೊತ್ತಾ!

ಅವರ 850ರಷ್ಟು ಪತ್ರಗಳು ಉಳಿದಿವೆ. ಇಟಾಲಿಯನ್ ಅನುವಾದದಲ್ಲಿ ನಿಧಾನವಾಗಿ ಓದುತ್ತಿದ್ದೀನಿ. 596ರಲ್ಲಿ ಇಂಗ್ಲೆಂಡಿಗೆ ಸನ್ಯಾಸಿಗಳನ್ನು ಕಳಿಸಿದ ಕತೆ ದೊಡ್ಡದು, ಮುಂದಿನ ಪತ್ರದಲ್ಲಿ ಬರೆಯುತ್ತೇನೆ. ತಮ್ಮನಿಗೆ ಪರೀಕ್ಷೆ ಮುಗಿದ ಮೇಲೆ ಫೋನ್ ಮಾಡಲು ಹೇಳಿ.

ನಿಮ್ಮ ಮಗಳು