ಟ್ರೈನಿ ಎಂದರೆ ಪೆಟ್ಟಿಗೆ ಕಟ್ಟುವವನೇ?

ಮಾನ್ಯರೇ,

ಕಳೆದ ತಿಂಗಳು ನಮ್ಮ ಬೀದಿಯ ಹುಡುಗನೊಬ್ಬ ಕೆಲಸ ಹುಡುಕಿಕೊಡಿ ಎಂದು ಮನೆಗೆ ಬಂದಿದ್ದ. ದ್ವಿತೀಯ ಪಿಯುಸಿಯಲ್ಲಿ ಎರಡು ವಿಷಯ ಉಳಿಸಿಕೊಂಡವನು. ತುಮಕೂರಿನ ಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಹನ್ನೊಂದು ತಿಂಗಳು ‘ಟ್ರೈನಿ’ ಆಗಿದ್ದನಂತೆ, ಈಗ ಬಿಡಿಸಿದ್ದಾರೆ. ಐಟಿಐಯಲ್ಲಿ ಮೂವತ್ತು ವರ್ಷ ಫಿಟ್ಟರ್ ಟ್ರೇಡ್ ಕಲಿಸಿದವನ ಚಾಳಿ ಎಲ್ಲಿ ಹೋಗುತ್ತದೆ? ನನ್ನ ಹಳೆಯ ವರ್ನಿಯರ್ ಕ್ಯಾಲಿಪರ್ ಕೊಟ್ಟು, ಮೇಜಿನ ಮೇಲಿದ್ದ ಬೋಲ್ಟ್ ಅಳೆದು ಹೇಳು ಎಂದೆ. ಅದರ ದವಡೆಯನ್ನು ಎರಡು ಬಾರಿ ತೆರೆದು ಮುಚ್ಚಿ ನನ್ನ ಮುಖ ನೋಡಿದ. ಹನ್ನೊಂದು ತಿಂಗಳೂ ಅವನು ಮಾಡಿದ್ದು ಪೆಟ್ಟಿಗೆಗಳಿಗೆ ಟೇಪ್ ಸುತ್ತಿ ಜೋಡಿಸುವ ಕೆಲಸ. ಆ ದುಡಿಮೆಯನ್ನು ನಾನು ಹೀಗಳೆಯುವುದಿಲ್ಲ. ಆದರೆ ಅದನ್ನು ಕಲಿಯಲು ಮೂರು ದಿನ ಸಾಕು. ಕೂಲಿಯನ್ನು ಕೂಲಿ ಎಂದೇ ಕರೆದು ಪೂರ್ತಿ ಸಂಬಳ ಕೊಡಬಹುದಿತ್ತಲ್ಲ?

ಕಾನೂನಿಗೇನೂ ಬರವಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು, ಅಂದರೆ ಕೆಲಸ ಮಾಡುತ್ತಲೇ ಕಸುಬು ಕಲಿಯುವವರನ್ನು, ತೆಗೆದುಕೊಳ್ಳಲೇಬೇಕು. ಒಪ್ಪಂದ ನೋಂದಣಿಯಾಗಬೇಕು, ಶಿಷ್ಯವೇತನ ಕೊಡಬೇಕು, ತರಬೇತಿಯ ಪ್ರಗತಿಯನ್ನು ಮಾಲೀಕರು ದಾಖಲಿಸಿಡಬೇಕು. ಈ ಹುಡುಗನ ಬಳಿ ಒಪ್ಪಂದವೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಕುತ್ತಿಗೆಗೆ ತೂಗುಹಾಕಿಕೊಳ್ಳುತ್ತಿದ್ದ ಗುರುತಿನ ಚೀಟಿಯನ್ನೂ ಗುತ್ತಿಗೆದಾರ ವಾಪಸು ಪಡೆದಿದ್ದಾನೆ.

ಸರ್ಕಾರದ ಕಣ್ಣೂ ಪದವಿಯ ಮೇಲೆಯೇ. ರಾಜ್ಯದ ನಿರುದ್ಯೋಗ ಭತ್ಯೆ ಯೋಜನೆ ಯುವನಿಧಿ ಜಾರಿಯಾದಾಗ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500 ಎಂದರು. ಪಿಯುಸಿಗೆ ನಿಂತವರ ಹೆಸರೇ ಇರಲಿಲ್ಲ. ಕೇಂದ್ರದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಎಸ್ಎಸ್ಎಲ್‌ಸಿ ಪಾಸಾದವರನ್ನೂ ಸೇರಿಸಿಕೊಂಡದ್ದು ಒಳ್ಳೆಯದೇ. ಆದರೆ 2024ರಲ್ಲಿ ಅದು ಆರಂಭವಾದಾಗ ವಯೋಮಿತಿ 21ರಿಂದ 24. ಹದಿನೆಂಟಕ್ಕೆ ಓದು ಬಿಟ್ಟವನು ನಡುವಿನ ಮೂರು ವರ್ಷ ಎಲ್ಲಿರಬೇಕು? ಪೆಟ್ಟಿಗೆ ಕಟ್ಟುವಲ್ಲಿ, ಇನ್ನೆಲ್ಲಿ!

ಜಿಲ್ಲಾಡಳಿತಕ್ಕೆ ನನ್ನ ಬೇಡಿಕೆ ದೊಡ್ಡದೇನಲ್ಲ. ಕಾರ್ಖಾನೆಗಳ ತರಬೇತಿ ದಾಖಲೆಯನ್ನು ಮೂರು ತಿಂಗಳಿಗೊಮ್ಮೆ ಐಟಿಐ ಬೋಧಕರೊಬ್ಬರು ಹೋಗಿ ತೆರೆದು ನೋಡಲಿ. ಕಾಗದ ನೋಡಿದರೆ ಸಾಲದು, ಹುಡುಗರ ಕೈಗೆ ಉಪಕರಣ ಕೊಟ್ಟು ನೋಡಲಿ. ಖಾಲಿ ಇರುವ ಅಪ್ರೆಂಟಿಸ್ ಜಾಗಗಳ ಪಟ್ಟಿಯನ್ನು ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಐಟಿಐ ಮತ್ತು ಪಿಯು ಕಾಲೇಜುಗಳ ಫಲಕದಲ್ಲಿ ಹಾಕಲಿ. ಪೋರ್ಟಲ್‌ನಲ್ಲಿದೆ ಎನ್ನುತ್ತಾರೆ, ಅದು ಇದೆಯೆಂದು ಗೊತ್ತಿದ್ದವನಿಗೆ ತಾನೇ ಪೋರ್ಟಲ್? ಪಾಳಿ ಬಿಡುವ ಹೊತ್ತಿಗೆ ಬಸ್ ಬಿಟ್ಟರೆ ಹೆಣ್ಣುಮಕ್ಕಳೂ ಬರುತ್ತಾರೆ.

ಆ ಹುಡುಗ ಈಗ ಸಂಜೆ ನಮ್ಮ ಮನೆಗೆ ಬರುತ್ತಿದ್ದಾನೆ. ಮೊನ್ನೆ ಅದೇ ಬೋಲ್ಟನ್ನು ಅಳೆದು 11.96 ಮಿ.ಮೀ. ಎಂದು ಸರಿಯಾಗಿ ಓದಿದ. ಅಷ್ಟನ್ನು ಕಲಿಸಲು ನನಗೆ ಹಿಡಿದದ್ದು ನಾಲ್ಕು ಸಂಜೆ.

– ನಿವೃತ್ತ ಕಿರಿಯ ತರಬೇತಿ ಅಧಿಕಾರಿ, ತುಮಕೂರು