ಬಟನ್ ಬಣ್ಣ ಬದಲಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ರೈತರ ಆ್ಯಪ್ ಮಾಡಿಸುವವರು ಯುಐ (ಯೂಸರ್ ಇಂಟರ್‌ಫೇಸ್), ಯುಎಕ್ಸ್ (ಯೂಸರ್ ಎಕ್ಸ್‌ಪೀರಿಯನ್ಸ್) ಎರಡೂ ಒಂದೇ ಎಂದುಕೊಂಡು ಟೆಂಡರ್ ಕರೆಯುವುದುಂಟು. ಪರದೆಯ ಮೇಲೆ ಕಾಣುವ ಅಕ್ಷರ, ಬಣ್ಣ, ಬಟನ್ ಯುಐ. ತಿಕೋಟಾದ ದ್ರಾಕ್ಷಿ ಬೆಳೆಗಾರ ಅರ್ಜಿ ತೆರೆದಾಗಿನಿಂದ ಸ್ವೀಕೃತಿ ಕೈಸೇರುವವರೆಗಿನ ಇಡೀ ದಾರಿ ಯುಎಕ್ಸ್. ಯುಐಗೆ ಅಳತೆಗಳಿವೆ: ಸಾಮಾನ್ಯ ಗಾತ್ರದ ಅಕ್ಷರ–ಹಿನ್ನೆಲೆಯ ಕಾಂಟ್ರಾಸ್ಟ್ (ಹೊಳಪಿನ ಅಂತರ) ಕನಿಷ್ಠ 4.5:1, ಆಂಡ್ರಾಯ್ಡ್‌ನಲ್ಲಿ ಒತ್ತುವ ಜಾಗದ ಉದ್ದಗಲ ಕನಿಷ್ಠ 48 ಡಿಪಿ (ಪರದೆಯ ಅಳತೆಯ ಮಾನ), ಅಂದರೆ ಸುಮಾರು 9 ಮಿ.ಮೀ. ತಿಳಿ ಬೂದು ಅಕ್ಷರ ಹೊಲದ ಬಿಸಿಲಲ್ಲಿ ಕಾಣುವುದೇ ಇಲ್ಲ.

ಇವೆಲ್ಲ ಸರಿಯಿದ್ದೂ ಕೆಲಸ ಕೆಡಬಹುದು. ಒಟಿಪಿ ಬರುವಷ್ಟರಲ್ಲಿ ಪುಟದ ಅವಧಿ ಮುಗಿದು ತುಂಬಿದ್ದೆಲ್ಲ ಅಳಿದುಹೋಗುತ್ತದೆ. ಸರ್ವೆ ನಂಬರಿನ ಹಿಸ್ಸಾ ಬರೆಯುವಾಗ ಓರೆಗೆರೆ (/) ಒಪ್ಪದೆ ‘ತಪ್ಪು ಮಾಹಿತಿ’ ಎಂದಷ್ಟೇ ಬರುತ್ತದೆ. ತಪ್ಪು ಯಾವ ಸಾಲಿನಲ್ಲಿ, ಹೇಗೆ ಬರೆಯಬೇಕು ಎಂಬುದಿಲ್ಲ. ಇದು ಬಣ್ಣದಿಂದ ಸರಿಹೋಗುವ ದೋಷವಲ್ಲ. ಪ್ರತಿ ಹಂತದಲ್ಲೂ ತುಂಬಿದ್ದು ತಾನಾಗಿ ಉಳಿಯಬೇಕು.

ಕೋಡ್ ಬರೆಯುವ ಮೊದಲೇ ಆ್ಯಪ್‌ನ ಪರದೆಗಳನ್ನು ಕಾಗದದ ಮೇಲೆ ಬಿಡಿಸಿದ ಕರಡನ್ನು ಐದು ಜನ ರೈತರ ಕೈಗಿಟ್ಟು, ಏನೂ ಹೇಳಿಕೊಡದೆ ನೋಡಿ. ಬೆರಳು ಎಲ್ಲಿ ತಡವರಿಸಿತು ಎಂದು ಬರೆದುಕೊಳ್ಳಿ, ತಿದ್ದಿ, ಬೇರೆ ಐವರಿಗೆ ತೋರಿಸಿ. ಇದಕ್ಕೆ ಟೆಂಡರಿನಲ್ಲೇ ಪ್ರತ್ಯೇಕ ದಿನ, ಪ್ರತ್ಯೇಕ ಹಣ ಇಡಬೇಕೆಂದು ವಿನಂತಿ.

— ಆ್ಯಪ್ ವಿನ್ಯಾಸಕರು, ವಿಜಯಪುರ